ಅಮೀನಗಡ ಸಂತೆಗೆ ಟಗರು ಕಟ್ಟುವ ಮುಂಚೆ

ಆ ಶನಿವಾರ ನಸುಕಿನಲ್ಲೇ ಹನ್ನೊಂದು ಟಗರು ಹೇರಿಕೊಂಡು ಬಾಗಲಕೋಟೆ ಜಿಲ್ಲೆಯ ಅಮೀನಗಡ ಸಂತೆಗೆ ಹೋಗಿದ್ದೆ. ಬಕ್ರೀದ್‌ಗೆ ಇನ್ನೆರಡು ವಾರ. ಗುಂಡುಗುಂಡಾದ ಮರಿಗಳು, ತುಂಬಿದ ಬೆನ್ನು. ಬಂದವರೆಲ್ಲ ಬೆನ್ನು ಒತ್ತಿ ನೋಡಿದರು, ತಲೆ ನೋಡಿದರು, ಮುಂದೆ ಹೋದರು. ಹತ್ತು ಗಂಟೆಯಾದರೂ ಒಂದೂ ಮಾರಿರಲಿಲ್ಲ. ಕೊನೆಗೆ ಪರಿಚಯದ ದಲ್ಲಾಳಿ ಕಾಕಾ ಬಂದು ಒಂದು ಮರಿಯ ನೆತ್ತಿ ಸವರಿದರು.

"ತಮ್ಮಾ, ಮಾಲ ಚಲೋ ಐತಿ. ಆದ್ರ ತಲಿ ಬೋಳು. ಹಬ್ಬಕ್ಕ ಒಯ್ಯಾವ್ರು ಕೋಡ ಕೇಳ್ತಾರ."

ಹುಟ್ಟಾ ಬೋಳು ಟಗರು ಕುರ್ಬಾನಿಗೆ ನಡೆಯುತ್ತದೆ. ಆದರೆ ಹೆಚ್ಚು ದುಡ್ಡು ಕೊಡುವವರು ಹುಡುಕುವುದು ಸುರುಳಿ ಕೋಡಿನ, ಎತ್ತರದ ಟಗರನ್ನೇ. ನಾನು ಎರಡು ವರ್ಷದ ಹಿಂದೆ ಬೀಜಕ್ಕೆಂದು ತಂದದ್ದು ಬನ್ನೂರು ಟಗರು. ಮಂಡ್ಯ ಕಡೆಯ ಈ ತಳಿಯ ಮಾಂಸಕ್ಕೆ ದೊಡ್ಡ ಹೆಸರಿದೆ, ಅದು ಸುಳ್ಳಲ್ಲ. ಆದರೆ ಗಿಡ್ಡ ಕಾಲು, ಗಂಡು ಹೆಣ್ಣು ಎರಡಕ್ಕೂ ಕೋಡಿಲ್ಲ. ನನ್ನ ಹಿಂಡಿನಲ್ಲಿ ಹುಟ್ಟಿದ ಬಹುಪಾಲು ಮರಿಗಳೂ ಹಾಗೇ ಬಂದವು. ಅವತ್ತು ಎಲ್ಲವನ್ನೂ ಕಟುಕರಿಗೇ ಕೊಟ್ಟು ಬಂದೆ. ತಳಿಯದೇನೂ ತಪ್ಪಿರಲಿಲ್ಲ, ಯಾವ ಗಿರಾಕಿಗೆ ಸಾಕುತ್ತಿದ್ದೇನೆ ಎಂದು ನಾನು ಮೊದಲೇ ಯೋಚಿಸಿರಲಿಲ್ಲ.

ನಮ್ಮ ಸಂತೆಯಲ್ಲಿ ಗಿರಾಕಿ ಎರಡು ಥರ. ಕಟುಕರು ಕೋಡಿನ ಕಡೆ ನೋಡುವುದೇ ಇಲ್ಲ. ಹೆಬ್ಬೆರಳು ಬೆನ್ನುಮೂಳೆಯ ಮೇಲಿಟ್ಟು ಉಳಿದ ಬೆರಳುಗಳಿಂದ ಸೊಂಟ ಹಿಚುಕುತ್ತಾರೆ, ಬಾಲದ ಬುಡ ಹಿಡಿಯುತ್ತಾರೆ. ಮೂಳೆ ಚೂಪಾಗಿ ಕೈಗೆ ಹತ್ತಿದರೆ ಅಷ್ಟಕ್ಕೇ ಬಿಡುತ್ತಾರೆ. ತಕ್ಕಡಿ ಇಲ್ಲದೆ ಇಷ್ಟು ಕಿಲೋ ಬೀಳುತ್ತದೆ ಎಂದು ಮನಸ್ಸಲ್ಲೇ ಲೆಕ್ಕ ಹಾಕಿರುತ್ತಾರೆ. ಜೀವತೂಕದ ಅರ್ಧಕ್ಕಿಂತ ತುಸು ಕಡಿಮೆ ಮಾಂಸ ಬರುತ್ತದೆ ಎಂಬುದು ಅವರ ಕೈಗೇ ಗೊತ್ತು. ಹಬ್ಬದ ಗಿರಾಕಿ ಹಾಗಲ್ಲ. ಹತ್ತು ಹೆಜ್ಜೆ ದೂರ ನಿಂತು ನಿಲುವು ನೋಡುತ್ತಾನೆ, ಆಮೇಲೆ ಹತ್ತಿರ ಬಂದು ಕಣ್ಣು, ಕಿವಿ, ಕೋಡು, ಕಾಲು. ಕಿವಿ ಹರಿದಿದ್ದರೆ, ಕುಂಟಿದ್ದರೆ ಮುಟ್ಟುವುದಿಲ್ಲ. ಕೊನೆಗೆ ವಯಸ್ಸು ತಿಳಿಯಲು ಬಾಯಿ ತೆರೆದು ಹಲ್ಲು ಎಣಿಸುತ್ತಾನೆ.

ಅಲ್ಲಿಂದ ನಾನು ತಾಯಿ ಕುರಿಯನ್ನು ನೆಲಕ್ಕೆ ನೋಡಿ, ಟಗರನ್ನು ಸಂತೆಗೆ ನೋಡಿ ಆರಿಸತೊಡಗಿದೆ. ತಾಯಂದಿರು ಡೆಕ್ಕನಿ ಎಂಬ ಉಣ್ಣೆ ತಳಿಯ ರಕ್ತದವು, ನಮ್ಮಜ್ಜನ ಕಾಲದಿಂದ ಬಂದ ಹಿಂಡು. ಹಿಂಗಾರಿ ಕಟಾವಾದ ಮೇಲೆ ಎರಿ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬುತ್ತ ದಿನವಿಡೀ ನಡೆದರೂ ಸೋಲುವುದಿಲ್ಲ, ಜೋಳದ ಒಣ ಕಣಿಕೆಯ ಮೇಲೂ ಹಾಲು ಬಿಡುತ್ತವೆ. ಉಣ್ಣೆಗೆ ಈಗ ಬೆಲೆಯಿಲ್ಲ, ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ. ಅದಕ್ಕೇ ನಮ್ಮ ಕಡೆ ಕುರಿಗಾರರೆಲ್ಲ ಉಣ್ಣೆ ಬಿಟ್ಟು, ಮೈಮೇಲೆ ಬರೀ ಒರಟು ಕೂದಲಿರುವ ಕುರಿಯ ಕಡೆ ತಿರುಗಿದ್ದಾರೆ. (ಅಜ್ಜಿ ನೂತ ನೂಲಿನ ಕಂಬಳಿ ಇನ್ನೂ ಮನೆಯಲ್ಲಿದೆ, ಮಳೆಯಲ್ಲಿ ಅದರಷ್ಟು ಬೆಚ್ಚಗೆ ಇನ್ನೊಂದಿಲ್ಲ.)

ಇವಕ್ಕೆ ಈಗ ಬಿಡುವುದು ಕೆಂಗುರಿ ತಳಿಯ ಟಗರು. ತೆಂಗಿನಕಾಯಿಯ ಕಂದು ಬಣ್ಣ, ಉದ್ದ ಮೈ, ಗಂಡಿಗೆ ಕೋಡು. ಯಳಗ ತಳಿಯದು ಸಿಕ್ಕರೂ ತರುತ್ತೇನೆ. ಬೀಜದ ಟಗರು ಆರಿಸುವಾಗ ಮೊದಲು ಹಿಂದೆ ನಿಂತು ಬೀಜ ಎರಡೂ ಸಮ ಇವೆಯೇ ನೋಡುತ್ತೇನೆ, ಆಮೇಲೆ ಗೊರಸು, ಆಮೇಲೆ ದವಡೆ. ಆದರೆ ಸಂತೆಯಲ್ಲಿ ಕೊಳ್ಳುವುದಿಲ್ಲ. ಸಾಕಿದವರ ಹಟ್ಟಿಗೇ ಹೋಗಿ ಅದರ ತಾಯಿಯನ್ನು, ಅದರ ಜೊತೆ ಹುಟ್ಟಿದ ಮರಿಗಳನ್ನು ನೋಡಿಯೇ ಮುಂಗಡ ಕೊಡುತ್ತೇನೆ. ಇಪ್ಪತ್ತೈದು ಮೂವತ್ತು ಕುರಿಗೆ ಒಂದು ಟಗರು ಸಾಕು. ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು, ಇಲ್ಲದಿದ್ದರೆ ತನ್ನ ಹೆಣ್ಣುಮರಿಗಳ ಮೇಲೇ ಏರುತ್ತದೆ, ಮರಿ ಸೊರಗುತ್ತವೆ.

ನಾರಿ ಸುವರ್ಣವನ್ನೂ ಸಾಕಿ ನೋಡಿದೆ. ಮಹಾರಾಷ್ಟ್ರದ ಫಲಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯವರು ಬಂಗಾಳದ ಸುಂದರಬನದ ಗರೋಲ್ ಕುರಿಯ ಅವಳಿ ಹಡೆಯುವ ಗುಣವನ್ನು ಡೆಕ್ಕನಿಗೆ ತಂದು ಮಾಡಿದ ತಳಿ. ಆರು ಹೆಣ್ಣು ತಂದೆ, ಅವುಗಳಲ್ಲಿ ನಾಲ್ಕು ಕುರಿ ಅವಳಿ ಹಾಕಿದವು. ಬೇಸಿಗೆಯಲ್ಲಿ ಈದದ್ದರಿಂದ ಹಾಲು ಎರಡು ಮರಿಗೆ ಸಾಲಲಿಲ್ಲ. ನನ್ನ ಹೆಂಡತಿ ಬಾಟಲಿಯಲ್ಲಿ ಆಡಿನ ಹಾಲು ಕುಡಿಸಿ ಮೂರು ಮರಿ ಉಳಿಸಿದಳು. ಕೊಟ್ಟಿಗೆಯಲ್ಲಿ ಕಟ್ಟಿ ಹಸಿ ಮೇವು, ಹಿಂಡಿ ಹಾಕಬಲ್ಲವರಿಗೆ ಒಳ್ಳೆಯ ಕುರಿ. ಅಡ್ಡಾಡಿ ಮೇಯುವ ಹಿಂಡಿನ ಜೊತೆ ನಾನು ಬಿಡುವುದಿಲ್ಲ. ಈಗ ಎಲ್ಲರ ಬಾಯಲ್ಲೂ ಇರುವ ದಕ್ಷಿಣ ಆಫ್ರಿಕಾ ಮೂಲದ ಡಾರ್ಪರ್ ಕುರಿಯ ಮಿಶ್ರತಳಿಗೆ ಕೈ ಹಾಕಿಲ್ಲ, ಒಂದು ಟಗರಿನ ದುಡ್ಡಿಗೆ ಅರ್ಧ ಹಿಂಡು ಬರುತ್ತದೆ.

ಬಹಳ ಜನ ಎಡವುವುದು ದಿನದ ಲೆಕ್ಕದಲ್ಲಿ. ಬಕ್ರೀದ್ 2023ರಲ್ಲಿ ಜೂನ್ 29ಕ್ಕೆ ಬಂತು, 2024ರಲ್ಲಿ ಜೂನ್ 17ಕ್ಕೆ, 2025ರಲ್ಲಿ ಜೂನ್ 7ಕ್ಕೆ. ಹಬ್ಬದ ಗಿರಾಕಿ ನೋಡುವ ಎರಡು ಹಲ್ಲು ಮೂಡಲು ಮರಿಗೆ ವರ್ಷ ದಾಟಬೇಕು, ಒಂದೂವರೆ ವರ್ಷವೂ ಆಗಬಹುದು. ಕುರಿಯ ಗಬ್ಬ ಐದು ತಿಂಗಳು. ಅಂದರೆ ಹಬ್ಬಕ್ಕೆ ಸುಮಾರು ಇಪ್ಪತ್ತು ತಿಂಗಳ ಮುಂಚೆಯೇ ಬೀಜದ ಟಗರು ಹಿಂಡಿನಲ್ಲಿರಬೇಕು. ಹಬ್ಬ ವರ್ಷವರ್ಷ ಮುಂಚೆ ಸರಿದು ಈಗ ಕಡುಬೇಸಿಗೆಗೆ ಬರುತ್ತಿದೆ. ಮೇಯಲು ಹೊಲದಲ್ಲಿ ಏನೂ ಇರುವುದಿಲ್ಲ. ಸುಗ್ಗಿಯಲ್ಲೇ ಕಡಲೆ ಹೊಟ್ಟು, ತೊಗರಿ ಹೊಟ್ಟು, ಕಣಿಕೆ ಒಟ್ಟಿಟ್ಟುಕೊಳ್ಳುತ್ತೇನೆ. ಗೋವಿನಜೋಳ ಕೊನೆಯ ಮೂರು ತಿಂಗಳು ಮಾತ್ರ, ಹಿಡಿಹಿಡಿಯಾಗಿ ಏರಿಸುತ್ತ, ಅದೂ ಕರುಳು ಬೇನೆಯ ಲಸಿಕೆ ಹಾಕಿಸಿದ ಮೇಲೆ. ಒಂದು ವರ್ಷ ಆಸೆಗೆ ಬಿದ್ದು ಕಾಳು ಜಾಸ್ತಿ ಹಾಕಿ ಉಚ್ಚೆ ಕಟ್ಟಿ ಒಂದು ಟಗರು ಸತ್ತಿತು, ಅದೇ ಎಲ್ಲಕ್ಕಿಂತ ಚಂದದ್ದು.

ಕಳೆದ ಹಬ್ಬಕ್ಕೆ ಹದಿನಾಲ್ಕು ಟಗರುಗಳನ್ನು ಜೋಡಿ ಜೋಡಿಯಾಗಿ, ಎತ್ತರ ಬಣ್ಣ ಹೊಂದಿಸಿ ನಿಲ್ಲಿಸಿದ್ದೆ. ಅದೇ ದಲ್ಲಾಳಿ ಕಾಕಾ ಗಿರಾಕಿಯನ್ನು ಕರೆತಂದರು. ನನ್ನ ಕೈ ಮೇಲೆ ಟವೆಲ್ ಹಾಕಿ, ದರ ಹೇಳಲು ಒಳಗೆ ಬೆರಳು ಹಿಡಿದರು. ನಾನು ತಲೆ ಅಲ್ಲಾಡಿಸಿದೆ, ಇನ್ನೊಂದು ಬೆರಳು ಹಿಡಿದರು. ಮೂರನೇ ಸಲಕ್ಕೆ ವ್ಯವಹಾರ ಮುಗಿಯಿತು. ಟವೆಲ್ ಹೆಗಲಿಗೆ ಹಾಕಿಕೊಳ್ಳುತ್ತ ಕೇಳಿದರು, "ಇವುಗಳಪ್ಪ ಇನ್ನೂ ಐತೇನೋ ತಮ್ಮಾ?"

"ಐತ್ರೀ ಕಾಕಾ. ಎರಡ ವರ್ಷ ಆತು, ಈ ಸಲ ಬದಲಿ ಮಾಡಾಂವ."

"ಹಂಗಾದ್ರ ಯಾರಿಗೂ ಮಾತ ಕೊಡಬ್ಯಾಡ. ನನ್ನ ಅಳಿಯನ ಹಿಂಡಿಗೆ ಬೇಕಾಗೇತಿ."