ಅಲುಗದ ಬಟನ್‌ಗೆ ಕ್ಲಿಕ್ ಕೊಡುವ ಬಗೆ

ನಮ್ಮತ್ತೆಗೆ ಗ್ಲಾಕೋಮಾದಿಂದ ಕಣ್ಣು ತೀರಾ ಮಂದವಾಗಿದೆ. ಈಗ ಅಂಗಡಿಯಿಂದ ಒಲೆ ತನ್ನಿ, ವಾಷಿಂಗ್ ಮಷೀನ್ ತನ್ನಿ, ಮುಂದೆ ಇರುವುದು ನುಣುಪಾದ ಟಚ್ ಪ್ಯಾನೆಲ್. ಬಟನ್ ಎಲ್ಲಿದೆ, ಒತ್ತಿದ್ದು ತಗುಲಿತೋ ಇಲ್ಲವೋ, ಬೆರಳಿಗೆ ಏನೂ ತಿಳಿಯುವುದಿಲ್ಲ. ಹುಡುಕಲು ಕೈಯಾಡಿಸಿದರೆ ಸಾಕು, ಬೇಡದ್ದೇನೋ ಶುರುವಾಗಿರುತ್ತದೆ. ನಾನು ಡಿಪ್ಲೊಮಾ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಪ್ರಾಜೆಕ್ಟ್ ಮಾಡಿಸುವವಳು. ಅತ್ತೆಯ ರೇಡಿಯೊಗೆ ನಾಲ್ಕು ಬಟನ್ನಿನ ಪ್ಯಾನೆಲ್ ಒಂದನ್ನು ಮಾಡಿದ್ದೇನೆ. ಸವರಿದರೆ ಜಾಗ ಗೊತ್ತಾಗಬೇಕು, ಒತ್ತಿದರೆ ಮಾತ್ರ ಕೆಲಸ ಆಗಬೇಕು, ಆಯಿತು ಅನ್ನುವುದು ಬೆರಳಿಗೇ ತಿಳಿಯಬೇಕು. ಇಷ್ಟಕ್ಕೆ ಬೇಕಾದದ್ದು ಬಲ ಅಳೆಯುವ ಸೆನ್ಸರ್ ಮತ್ತು ಬೆರಳಿಗೆ ಉತ್ತರ ಕೊಡುವ ಮೋಟರ್. ಎರಡನ್ನೂ ಬಿಡಿಬಿಡಿಯಾಗಿ ಯಾರು ಬೇಕಾದರೂ ನಡೆಸಬಹುದು. ಒಟ್ಟಿಗೆ ಕೂರಿಸುವಾಗಲೇ ಕಷ್ಟ ಶುರು.

2015ರಲ್ಲಿ ಆ್ಯಪಲ್ ತನ್ನ ಮ್ಯಾಕ್‌ಬುಕ್‌ಗೆ ಹಾಕಿದ ಫೋರ್ಸ್ ಟಚ್ ಟ್ರ್ಯಾಕ್‌ಪ್ಯಾಡ್ ಇದೇ ಜಾತಿಯದು. ಅದರ ನಾಲ್ಕು ಮೂಲೆಗಳಲ್ಲಿ ಬಲ ಅಳೆಯುವ ಸ್ಟ್ರೇನ್ ಗೇಜ್‌ಗಳಿವೆ, ಕೆಳಗೆ ವಿದ್ಯುತ್ಕಾಂತ. ಒತ್ತಿದಾಗ ಫಲಕ ಅಡ್ಡಕ್ಕೆ ಒಂದಿಷ್ಟು ಅದುರುತ್ತದೆ, ಬೆರಳು ಅದನ್ನು ಕೆಳಗಿಳಿದಂತೆ ಗ್ರಹಿಸುತ್ತದೆ. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ ಒತ್ತಿ ನೋಡಿ, ಕಲ್ಲಿನಂತೆ ಕೂತಿರುತ್ತದೆ. ಅಡ್ಡಕ್ಕೆ ಅದುರಿಸುವುದರಲ್ಲಿ ನಮಗೂ ಒಂದು ಉಪಯೋಗವಿದೆ, ಮುಂದೆ ಹೇಳುತ್ತೇನೆ.

ಸಾಮಾನು ಎಲ್ಲವೂ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಹುಡುಕಿದರೆ ಸಿಗುವಂಥವು, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಿ. ಪ್ರೋಗ್ರಾಂ ನಡೆಸುವ ಒಂದು ಇಎಸ್‌ಪಿ32 ಬೋರ್ಡ್, ಒತ್ತಿದಷ್ಟೂ ರೋಧ ಇಳಿಯುವ ನಾಲ್ಕು ಎಫ್‌ಎಸ್‌ಆರ್ 402 ಸೆನ್ಸರ್, ನಾಲ್ಕು 10 ಕಿಲೋ ಓಮ್ ರೆಸಿಸ್ಟರ್, ಮೋಟರನ್ನು ನಡೆಸುವ ಡಿಆರ್‌ವಿ 2605ಎಲ್ ಡ್ರೈವರ್ ಚಿಪ್ ಇರುವ ಸಣ್ಣ ಬೋರ್ಡ್, ತಿರುಗದೆ ನೇರ ಗೆರೆಯಲ್ಲಿ ಅದುರುವ ಒಂದು ಎಲ್‌ಆರ್‌ಎ ಮೋಟರ್, ತಾಮ್ರದ ಟೇಪ್, 2 ಮಿಲಿಮೀಟರ್ ಅಕ್ರಿಲಿಕ್ ಹಾಳೆ. ಅಂಗಡಿಯವರು ಮೊಬೈಲ್ ವೈಬ್ರೇಟರ್ ಅಂತ ಸಾಮಾನ್ಯವಾಗಿ ಕೊಡುವುದು ತೂಕ ತಿರುಗಿಸುವ ಮೋಟರ್. ಅದು ವೇಗ ಹಿಡಿದು ನಿಲ್ಲುವಷ್ಟರಲ್ಲಿ ಹತ್ತಾರು ಮಿಲಿಸೆಕೆಂಡ್ ಹೋಗುತ್ತದೆ, ಕ್ಲಿಕ್ ಬದಲು ಗುಂಯ್ ಅನ್ನುತ್ತದೆ. ಎಲ್‌ಆರ್‌ಎಯನ್ನೇ ಕೇಳಿ ತನ್ನಿ. ಬಲ ಅಳೆಯಲು ತಕ್ಕಡಿಯಲ್ಲಿರುವಂಥ ಲೋಡ್ ಸೆಲ್, ಅದನ್ನು ಓದುವ ಎಚ್‌ಎಕ್ಸ್ 711 ಚಿಪ್ ಸಾಲದೇ ಎಂದು ಮಕ್ಕಳು ಕೇಳುತ್ತಾರೆ. ಆ ಚಿಪ್ ಸೆಕೆಂಡಿಗೆ ಕೊಡುವುದು ಹೆಚ್ಚೆಂದರೆ 80 ರೀಡಿಂಗ್, ಅಂದರೆ ಎರಡರ ನಡುವೆ 12.5 ಮಿಲಿಸೆಕೆಂಡ್. ತೂಕ ಮಾಡಲು ಧಾರಾಳ, ಬೆರಳಿಗೆ ತಡ.

ಎಫ್‌ಎಸ್‌ಆರ್ ಬಾಲಕ್ಕೆ ನೇರವಾಗಿ ಸಾಲ್ಡರ್ ಇಡಬೇಡಿ. ಅದು ಪ್ಲಾಸ್ಟಿಕ್ ಹಾಳೆ, ಬಿಸಿಗೆ ಕರಗಿ ಒಳಗಿನ ಬೆಳ್ಳಿ ಗೆರೆ ಬಿಟ್ಟುಕೊಳ್ಳುತ್ತದೆ. ಫೀಮೇಲ್ ಹೆಡರ್‌ಗೆ ಸಿಕ್ಕಿಸಿ. ಬಗ್ಗದ ತಳದ ಮೇಲೆ, ನಾಲ್ಕು ಮೂಲೆಗೆ ನಾಲ್ಕನ್ನು ಚಪ್ಪಟೆಯಾಗಿ ಅಂಟಿಸಿ. ಸೆನ್ಸರಿನ ಕೆಲಸ ಮಾಡುವ ವೃತ್ತ 12.7 ಮಿಲಿಮೀಟರ್ ಅಗಲ. ಅದರ ನಡುವೆ ಸುಮಾರು 10 ಮಿಲಿಮೀಟರಿನ ಮೆತ್ತನೆಯ ರಬ್ಬರ್ ಗುಬ್ಬಿ ಕೂರಿಸಿ, ಅವುಗಳ ಮೇಲೆ ಅಕ್ರಿಲಿಕ್ ಇಡಿ. ಗುಬ್ಬಿ ವೃತ್ತಕ್ಕಿಂತ ದೊಡ್ಡದಾದರೆ ಬಲ ಅಂಚಿಗೆ ಹೋಗಿ ಪೋಲಾಗುತ್ತದೆ. ಫಲಕದ ಅಂಚು ಪೆಟ್ಟಿಗೆಗೆ ಎಲ್ಲೂ ತಾಗದಂತೆ ಸುತ್ತ ಒಂದು ಮಿಲಿಮೀಟರ್ ಜಾಗ ಬಿಡಿ. ಫಲಕ ಹಗುರವಾದಷ್ಟೂ ಅದೇ ಮೋಟರಿನ ಹೊಡೆತ ಜೋರು. ನನ್ನದು 10 ಸೆಂಟಿಮೀಟರ್ ಉದ್ದ, 6 ಅಗಲ.

ಅಕ್ರಿಲಿಕ್‌ನ ಕೆಳಮೈಗೆ ತಾಮ್ರದ ಟೇಪಿನ ನಾಲ್ಕು ಚೌಕ, ಒಂದೊಂದೂ ಎರಡು ಸೆಂಟಿಮೀಟರ್. ಇವು ಇಎಸ್‌ಪಿ32ರ ಟಚ್ ಪಿನ್‌ಗಳಾದ 4, 13, 14, 27ಕ್ಕೆ. ಎಫ್‌ಎಸ್‌ಆರ್‌ಗಳು 34, 35, 36, 39ಕ್ಕೆ, ಡ್ರೈವರ್ ಬೋರ್ಡ್ 21, 22ಕ್ಕೆ. ಪ್ರತಿ ಎಫ್‌ಎಸ್‌ಆರ್‌ನ ಒಂದು ಕಾಲು 3.3 ವೋಲ್ಟಿಗೆ; ಇನ್ನೊಂದು ಕಾಲು ಪಿನ್ನಿಗೂ 10 ಕಿಲೋ ಓಮ್ ಮೂಲಕ ಗ್ರೌಂಡಿಗೂ.

ಇನ್ನು ಮೋಟರ್. ನಾಣ್ಯದ ಆಕಾರದ ಎಲ್‌ಆರ್‌ಎ ತನ್ನ ಚಪ್ಪಟೆ ಮುಖಕ್ಕೆ ನೇರವಾಗಿ ಮೇಲೆ ಕೆಳಗೆ ಅದುರುತ್ತದೆ. ಅದನ್ನು ಫಲಕಕ್ಕೆ ಮಲಗಿಸಿ ಅಂಟಿಸಿದರೆ ಪ್ರತಿ ಕ್ಲಿಕ್ಕೂ ಸೆನ್ಸರುಗಳನ್ನೇ ಒತ್ತುತ್ತದೆ. ಸೆನ್ಸರಿಗೆ ಇನ್ನೊಂದು ಬೆರಳು ಬಂದಂತೆ ಕಂಡು ಮತ್ತೆ ಕ್ಲಿಕ್, ಮತ್ತೆ ಕ್ಲಿಕ್, ಪ್ಯಾನೆಲ್ ತನ್ನಷ್ಟಕ್ಕೆ ಗುಡುಗುಡಿಸುತ್ತದೆ. ಆದ್ದರಿಂದ ಫಲಕದ ಕೆಳಗೆ ಒಂದು ಪುಟ್ಟ ಎಲ್ ಆಕಾರದ ತುಂಡು ಅಂಟಿಸಿ, ಮೋಟರನ್ನು ಅದಕ್ಕೆ ನಿಲ್ಲಿಸಿ ಕೂರಿಸಿ. ಆಗ ಅದುರಾಟ ಫಲಕದ ಉದ್ದಕ್ಕೆ ಸಾಗುತ್ತದೆ, ಸೆನ್ಸರಿಗೆ ಹೋಗುವುದು ಕಡಿಮೆ, ಬೆರಳಿಗೆ ಸಿಗುವುದು ಮೊದಲಿನಷ್ಟೇ. ಡ್ರೈವರ್ ತನ್ನನ್ನು ಮೋಟರಿಗೆ ಹೊಂದಿಸಿಕೊಳ್ಳುವ ಆಟೋ ಕ್ಯಾಲಿಬ್ರೇಷನ್ ನಡೆಸುವುದು ಇದಾದ ಮೇಲೆ, ಅದಕ್ಕೂ ಮುಂಚೆ ಬೇಡ. ಬಿಡಿ ಮೋಟರಿಗೂ ಫಲಕಕ್ಕೆ ಅಂಟಿದ ಮೋಟರಿಗೂ ನಡವಳಿಕೆ ಬೇರೆ. ಎಲ್‌ಆರ್‌ಎ ಮೋಡ್ ಆನ್ ಮಾಡಿ, ಡ್ರೈವರಿನಲ್ಲೇ ತುಂಬಿರುವ ಅದುರಾಟಗಳ ಪಟ್ಟಿಗಳಲ್ಲಿ (ಲೈಬ್ರರಿ) 6ನೆಯದನ್ನು ಆರಿಸಿ.

ನಾಲ್ಕು ರೀಡಿಂಗ್‌ಗಳನ್ನು ಹಾಗೇ ಕೂಡಿಸಬೇಡಿ. ಎಫ್‌ಎಸ್‌ಆರ್‌ನಲ್ಲಿ ಬಲದ ಜೊತೆ ಹೆಚ್ಚುಕಡಿಮೆ ಸಮನಾಗಿ ಏರುವುದು ವಾಹಕತೆ (ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದು), ವೋಲ್ಟೇಜ್ ಅಲ್ಲ. ಪ್ರತಿ ರೀಡಿಂಗನ್ನು, ಬೋರ್ಡ್ ಕೊಡುವ ಅತಿ ದೊಡ್ಡ ಅಂಕಿಯಾದ 4095ರಲ್ಲಿ ಅದನ್ನೇ ಕಳೆದು ಉಳಿದದ್ದರಿಂದ ಭಾಗಿಸಿ, ಆಮೇಲೆ ಕೂಡಿಸಿ. ಹೀಗೆ ಮಾಡಿದರೆ ಮೂಲೆಯಲ್ಲಿ ಒತ್ತಿದರೂ ನಡುವೆ ಒತ್ತಿದರೂ ಮೊತ್ತ ಹತ್ತಿರಹತ್ತಿರ ಬರುತ್ತದೆ. ಪ್ರತಿ ಮಿಲಿಸೆಕೆಂಡಿಗೆ ಒಮ್ಮೆ ಓದಿ, ಕೊನೆಯ ನಾಲ್ಕರ ಸರಾಸರಿ ಇಟ್ಟುಕೊಳ್ಳಿ. ಯಾರೂ ಮುಟ್ಟದಿರುವಾಗ ಬರುವ ಮೊತ್ತ ದಿನವಿಡೀ ನಿಧಾನಕ್ಕೆ ಸರಿಯುತ್ತಿರುತ್ತದೆ. ಅದನ್ನು ಸೊನ್ನೆ ಎಂದು ಹಿಂಬಾಲಿಸಿ, ತಾಮ್ರದ ಚೌಕ ಬೆರಳು ಕಂಡ ಕೂಡಲೇ ಹಿಂಬಾಲಿಸುವುದನ್ನು ನಿಲ್ಲಿಸಿ.

ಮೊತ್ತವನ್ನು ಗ್ರಾಮಿಗೆ ತರಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಪ್ಯಾನೆಲನ್ನು ಅದರ ಮೇಲಿಟ್ಟು ಸೊನ್ನೆ ಮಾಡಿ, 100, 200, 300 ತೋರಿಸುವಷ್ಟು ಬೆರಳಲ್ಲಿ ಒತ್ತಿ, ಆಗಿನ ಮೊತ್ತ ಬರೆದುಕೊಳ್ಳಿ. ನಾನು 180 ಗ್ರಾಮಿಗೆ ಒತ್ತಿತು ಎಂದೂ 100 ಗ್ರಾಮಿಗಿಂತ ಇಳಿದರೆ ಬಿಟ್ಟಿತು ಎಂದೂ ಇಟ್ಟಿದ್ದೇನೆ. ಎರಡಕ್ಕೂ ಒಂದೇ ಅಂಕಿ ಇಟ್ಟರೆ ನಡುಗುವ ಬೆರಳಿಗೆ ಒಂದರ ಬದಲು ನಾಲ್ಕು ಕ್ಲಿಕ್ ಬರುತ್ತದೆ. ವಯಸ್ಸಾದವರ ಬೆರಳು ನಡುಗದೆ ಇರುತ್ತದೆಯೇ!

ಒತ್ತಿದಾಗ ಡ್ರೈವರಿನ ಪಟ್ಟಿಯ 4ನೇ ಎಫೆಕ್ಟ್ ಆದ ಚುರುಕು ಕ್ಲಿಕ್, ಬಿಟ್ಟಾಗ ಅದರದೇ ಮೆದು ರೂಪವಾದ 6ನೆಯದು. ಬಿಡುವಾಗಿನ ಕ್ಲಿಕ್ ಬೇಡವೆಂದು ತೆಗೆಯಬೇಡಿ, ಅದಿಲ್ಲದಿದ್ದರೆ ಬಟನ್ ಸಿಕ್ಕಿಕೊಂಡಂತೆ ಅನ್ನಿಸುತ್ತದೆ. ಸವರುತ್ತಾ ಒಂದು ಚೌಕದಿಂದ ಇನ್ನೊಂದಕ್ಕೆ ದಾಟಿದಾಗ ಹಗುರವಾದ ಟಿಕ್, 26ನೆಯದು. ಪ್ರತಿ ಎಫೆಕ್ಟ್ ಕೊಟ್ಟ ಮೇಲೆ 40 ಮಿಲಿಸೆಕೆಂಡ್ ಸೆನ್ಸರ್ ಏನೇ ಹೇಳಲಿ ಕಿವಿಗೊಡಬೇಡಿ. ಮೋಟರ್ ಅಡ್ಡಕ್ಕೆ ಅದುರಿದರೂ ಸ್ವಲ್ಪ ಅದುರಾಟ ಸೆನ್ಸರಿಗೆ ಸೇರಿಯೇ ಸೇರುತ್ತದೆ. ರೀಡಿಂಗನ್ನು ಕಂಪ್ಯೂಟರಿನಲ್ಲಿ ಗೆರೆಯಾಗಿ ತೋರಿಸುವ ಸೀರಿಯಲ್ ಪ್ಲಾಟರ್‌ನಲ್ಲಿ ನೋಡಿ, ಕ್ಲಿಕ್ ಆದ ತಕ್ಷಣ ಗೆರೆ ಹಲ್ಲುಹಲ್ಲಾಗಿ ಎದ್ದು ಅಡಗುತ್ತದೆ. ನಿಮ್ಮ ಫಲಕದಲ್ಲಿ ಅದು ಅಡಗಲು ಎಷ್ಟು ಹೊತ್ತು ಬೇಕೋ ಅದಕ್ಕಿಂತ ತುಸು ಹೆಚ್ಚು ಇಡಿ.

ಇನ್ನೂ ಜೋರಾಗಿ ಒತ್ತಿದರೆ ಎರಡನೇ ಕೆಲಸ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಬೇಡ ಅನ್ನುತ್ತೇನೆ. ಆ್ಯಪಲ್ ಕೂಡ ಐಫೋನಿನಲ್ಲಿ 2015ರಲ್ಲಿ ತಂದ 3ಡಿ ಟಚ್ ಅನ್ನು 2019ರ ಮಾಡೆಲ್‌ಗಳಲ್ಲಿ ಕೈಬಿಟ್ಟಿತು. ಕಾಣದ ಒಂದು ಆಳವನ್ನು ಹುಡುಕಿ ಎಂದು ಯಾರಿಗೂ ಹೇಳಲಾಗದು. ವಾಲ್ಯೂಮ್‌ಗೆ ಮಾತ್ರ ಒಂದು ರಿಯಾಯಿತಿ ಕೊಟ್ಟಿದ್ದೇನೆ: ಒತ್ತಿ ಹಿಡಿದು ಬಲ ಹೆಚ್ಚಿಸಿದರೆ ಬೇಗ ಏರುತ್ತದೆ, ಪ್ರತಿ ಮೆಟ್ಟಿಲಿಗೂ ಒಂದು ಟಿಕ್. ಗೊತ್ತಿಲ್ಲದವರಿಗೆ ಇದರಿಂದ ನಷ್ಟವೇನಿಲ್ಲ.

ಬಳಸುವವರ ಕೈಗೇ ಕೊಟ್ಟು ಅಂಕಿಗಳನ್ನು ತಿದ್ದಿ. ಅತ್ತೆಯ ಬೆರಳ ತುದಿ ಒರಟಾಗಿದೆ, 26ನೇ ಎಫೆಕ್ಟ್ ಅವರಿಗೆ ತಿಳಿಯಲಿಲ್ಲ, ಅದರದೇ ಜೋರು ರೂಪವಾದ 24ಕ್ಕೆ ಏರಿಸಿದೆ. ಇದೆಲ್ಲ 5 ವೋಲ್ಟಿನ ಆಟ. 230 ವೋಲ್ಟಿನ ಒಲೆಗೆ, ಗ್ರೈಂಡರಿಗೆ ಇದನ್ನು ಕಟ್ಟಬೇಡಿ. ರೇಡಿಯೊಗೂ ಆಫ್ ಮಾಡುವ ಬಟನ್ ಒಂದನ್ನು ನಿಜವಾಗಿ ಒಳಗೆ ಹೋಗುವ ಹಳೆಯ ಸ್ವಿಚ್ಚಾಗಿಯೇ ಪಕ್ಕಕ್ಕೆ ಹಾಕಿ. ಪ್ರೋಗ್ರಾಂ ಹ್ಯಾಂಗ್ ಆದಾಗ ಫಲಕ ಎಷ್ಟು ಒತ್ತಿದರೂ ಉತ್ತರ ಕೊಡುವುದಿಲ್ಲ, ಸ್ವಿಚ್ ಕೊಡುತ್ತದೆ.