ಬಚ್ಚಲೊಲೆಗೆ ಪುಕ್ಕಟೆ ಸೌದೆ: ಮಳೆ ಹಿಡಿಯುವ ಮೊದಲೇ ಕೂಡಿಸಿ

ಮಲೆನಾಡಿನ ಅಡುಗೆಮನೆಗೆ ಗ್ಯಾಸು ಬಂದು ಎಷ್ಟೋ ವರ್ಷವಾಯಿತು. ಆದರೂ ಬಚ್ಚಲ ಹಂಡೆಯ ಕೆಳಗೆ ಉರಿಯುವುದು ಹೆಚ್ಚಾಗಿ ಸೌದೆಯೇ. ಆಷಾಢದಲ್ಲಿ ಸೌದೆ ಹುಡುಕಲು ಹೊರಟರೆ ಸಿಗುವುದು ಹಸಿಯದ್ದು, ಅದೂ ದುಡ್ಡಿಗೆ. ಪುಕ್ಕಟೆ ಸಿಗುವ ಕಾಲ ಫೆಬ್ರುವರಿಯಿಂದ ಮೇವರೆಗೆ.

ಮೊದಲು ನಿಮ್ಮ ತೋಟವನ್ನೇ ಒಂದು ಸುತ್ತು ಹಾಕಿ. ಒಣಗಿ ನಿಂತ ಅಡಿಕೆ ಮರವನ್ನು ಕಡಿದು ದಬ್ಬೆ ಸೀಳಿದರೆ ಬೇಗ ಹೊತ್ತಿಕೊಳ್ಳುತ್ತದೆ. ಅಡಿಕೆ ಹಾಳೆ, ತೆಂಗಿನ ಗರಟೆ ಬೆಂಕಿ ಎಬ್ಬಿಸಲು ಸಾಕು. ಅಡಿಕೆ ಸಿಪ್ಪೆ ಒಣಗಿಸಿಟ್ಟರೆ ನಿಧಾನಕ್ಕೆ ಕನಲುತ್ತಾ ನೀರನ್ನು ಬಿಸಿಯಾಗಿಡುತ್ತದೆ.

ತೋಟವಿಲ್ಲದವರು ಪರಿಚಯದ ಕಾಫಿ ಬೆಳೆಗಾರರನ್ನು ಕೇಳಿ. ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮಾಡಿಸಿದಾಗ ಉದುರುವ ಸಣ್ಣ ಕೊಂಬೆಗಳನ್ನು ಒಟ್ಟುಮಾಡಲು ಅವರಿಗೆ ಆಳು ಸಿಗುವುದಿಲ್ಲ. ‘ನಾವೇ ಬಂದು ಒಯ್ಯುತ್ತೇವೆ’ ಎಂದರೆ ಬೇಡ ಎನ್ನುವವರು ಕಡಿಮೆ. ಹಳೇ ಕಾಫಿ ಗಿಡ ಕಿತ್ತ ಬೊಡ್ಡೆ ಸಿಕ್ಕರೆ ಬಿಡಬೇಡಿ, ಗಟ್ಟಿ ಸೌದೆ ಅದು. ಸಾಮಿಲ್ಲಿನಲ್ಲಿ ದಿಮ್ಮಿ ಸಿಗಿದಾಗ ಉಳಿಯುವ ತೊಗಟೆ ಪಕ್ಕದ ಚಕ್ಕೆಗಳೂ ಅಗ್ಗವೇ.

ಕಾಡಿನ ವಿಷಯ ಬೇರೆ. ಮೀಸಲು ಅರಣ್ಯದಲ್ಲಿ ಬಿದ್ದ ಒಣಕೊಂಬೆಯೂ ಇಲಾಖೆಯ ಸೊತ್ತು, ಕೇಳದೆ ತರುವಂತಿಲ್ಲ. ಶಿರಸಿ, ಸಿದ್ದಾಪುರ ಕಡೆ ಸೊಪ್ಪಿನ ಬೆಟ್ಟ (ತೋಟದ ಗೊಬ್ಬರದ ಸೊಪ್ಪಿಗೆಂದು ಬಿಟ್ಟುಕೊಟ್ಟ ಕಾಡು) ಉಳ್ಳ ಅಡಿಕೆ ಬೆಳೆಗಾರರಿಗೆ ಮನೆಬಳಕೆಯ ಒಣಸೌದೆಯ ಸವಲತ್ತುಂಟು. ಸ್ವಂತ ಜಾಗದ ಮರ ಕಡಿಯಲೂ 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕಾಗಬಹುದು; ಸಿಲ್ವರ್ ಓಕ್, ರಬ್ಬರ್, ಗಾಳಿಮರಗಳಿಗೆ ವಿನಾಯಿತಿ ಇದೆ.

ಪುಕ್ಕಟೆ ಎಂದು ಸಿಕ್ಕಿದ್ದೆಲ್ಲ ತುರುಕಬೇಡಿ. ಹೊಲಗೇರು ಮರದ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ, ಹೊಗೆಯೂ ಒಳ್ಳೆಯದಲ್ಲ. ಬಣ್ಣ ಬಳಿದ ಹಳೇ ಬಾಗಿಲು, ಪ್ಲೈವುಡ್ಡಿನ ತುಂಡುಗಳೂ ಬೇಡ. ಬೂರುಗ ಕಾಗದದಂತೆ ಉರಿದು ಹೋಗುತ್ತದೆ. ಅಕೇಶಿಯಾದ ಕುಂಟೆ, ಅಂದರೆ ದಪ್ಪ ತುಂಡಾದರೆ ಕೆಂಡ ನಿಲ್ಲುತ್ತದೆ.

ಇನ್ನು ಒಣಗಿಸುವುದು. ನಿಜವಾದ ಉಳಿತಾಯ ಇಲ್ಲಿದೆ. ಆಗಷ್ಟೇ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರಬಹುದು. ಅದನ್ನು ಉರಿಸಿದರೆ ಬೆಂಕಿಯ ಕಾವು ಮೊದಲು ಸೌದೆಯ ನೀರನ್ನು ಕುದಿಸಬೇಕು, ಆಮೇಲೆ ಹಂಡೆಯ ನೀರನ್ನು. ತೂಕದ ಲೆಕ್ಕದಲ್ಲಿ ಹಸಿ ಸೌದೆ ಕೊಂಡರಂತೂ ನೀರಿಗೇ ದುಡ್ಡು ತೆತ್ತಂತೆ. ಕುಂಟೆಗಳನ್ನು ಹಸಿಯಿದ್ದಾಗಲೇ ಒಡೆಯಿರಿ. ತೊಗಟೆ ಸುತ್ತಿಕೊಂಡಿದ್ದರೆ ತೇವ ಹೊರಡುವುದಿಲ್ಲ. ಕಲ್ಲಿನ ಮೇಲೆ ಅಡ್ಡಕೋಲು ಹಾಕಿ, ನೆಲಕ್ಕೆ ತಾಗದಂತೆ ಗಾಳಿಯಾಡುವ ಹಾಗೆ ಒಟ್ಟಿ. ಮೇಲೆ ಮಾತ್ರ ತಗಡು ಮುಚ್ಚಿ. ಸುತ್ತಲೂ ಪ್ಲಾಸ್ಟಿಕ್ ಸುತ್ತಿದರೆ ಒಳಗೇ ಬೂಷ್ಟು ಹಿಡಿಯುತ್ತದೆ. ನಮ್ಮನೆಯಲ್ಲಿ ಒಂದು ವರ್ಷದ ಸೌದೆ ಹಾಗೇ ಹಾಳಾಗಿತ್ತು. ಎರಡು ಚಕ್ಕೆ ಬಡಿದಾಗ ‘ಠಣ್’ ಎಂದು, ತುದಿಯಲ್ಲಿ ಬಿರುಕು ಕಂಡರೆ ಒಣಗಿದೆ ಎಂದರ್ಥ. ಸಣ್ಣ ಕಡ್ಡಿ-ಜಿಗ್ಗಿಗೆ ಎರಡು ತಿಂಗಳ ಬಿಸಿಲು ಸಾಕು, ದಪ್ಪ ಕುಂಟೆಗೆ ಮುಂದಿನ ವರ್ಷದ ಬೇಸಿಗೆಯೇ ಬರಬೇಕು.

ಒಲೆಯನ್ನೂ ಒಮ್ಮೆ ನೋಡಿಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆಯಂತೆ ಕೆಳಗೆ ಜಾಲರಿ, ಹಿಂದೆ ಹೊಗೆಕೊಳವೆ ಇದ್ದರೆ ಅದೇ ಸ್ನಾನಕ್ಕೆ ಕಡಿಮೆ ಸೌದೆ ಸಾಕು.

ಮಳೆಗಾಲದಲ್ಲಿ ರಾಶಿಗೆ ಕೈ ಹಾಕುವ ಮುಂಚೆ ಕೋಲಿನಿಂದ ಎರಡೇಟು ತಟ್ಟಿ. ಬೆಚ್ಚಗಿನ ಜಾಗ ಹುಡುಕಿಕೊಂಡು ಚೇಳು, ಹಾವುಗಳೂ ಅಲ್ಲಿಗೇ ಬಂದಿರುತ್ತವೆ.