ಹಂಪ್ಟಾ ಮೊದಲು, ರೂಪಿನ್ ಆಮೇಲೆ: ಎರಡು ಹಿಮಾಲಯ ಚಾರಣಗಳಲ್ಲಿ ಒಂದನ್ನು ನಾವು ಆರಿಸಿಕೊಂಡ ಬಗೆ

ಹಿಮಾಲಯದ ಮೊದಲ ಚಾರಣಕ್ಕೆ ಹಂಪ್ಟಾ ಪಾಸ್ (ಪಾಸ್ ಎಂದರೆ ಬೆಟ್ಟಸಾಲನ್ನು ದಾಟುವ ಎತ್ತರದ ಕಣಿವೆದಾರಿ) ಸಾಕೇ, ಅಥವಾ ರಜೆ ಹೊಂದಿಸಿಕೊಂಡು ನೇರವಾಗಿ ರೂಪಿನ್ ಪಾಸ್‌ಗೇ ಹೊರಡುವುದೇ ಎಂಬ ಚರ್ಚೆ ನನಗೂ ತಂಗಿಯ ಮಗಳಿಗೂ ಇಡೀ ಮಳೆಗಾಲ ನಡೆಯಿತು. ನಾನು ಉಡುಪಿಯ ಕಾಲೇಜೊಂದರಲ್ಲಿ ಪಾಠ ಮಾಡುವವಳು, ಐವತ್ತು ದಾಟಿದವಳು. ಅವಳು ಮಂಗಳೂರಿನಲ್ಲಿ ಉದ್ಯೋಗದಲ್ಲಿರುವವಳು, ಪಣಂಬೂರಿನ ಮರಳಿನ ಮೇಲೆ ಬೆಳಿಗ್ಗೆ ಓಡುವ ಅಭ್ಯಾಸವುಳ್ಳವಳು. "ದೊಡ್ಡಮ್ಮ, ಅಷ್ಟು ದೂರ ಹೋಗುವುದಾದರೆ ದೊಡ್ಡದಕ್ಕೇ ಹೋಗುವ" ಎಂಬುದು ಅವಳ ವಾದವಾಗಿತ್ತು. ಕರಾವಳಿಯಿಂದ ಹಿಮಾಲಯಕ್ಕೆ ಹೋಗಿಬರುವ ಪ್ರಯಾಣಕ್ಕೇ ರಜೆಯ ದೊಡ್ಡ ಪಾಲು ಕಳೆದುಹೋಗುವುದರಿಂದ ಆ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ.

ರೂಪಿನ್ ಚಾರಣವು ಉತ್ತರಾಖಂಡದ ಧೌಲಾದಲ್ಲಿ ಶುರುವಾಗಿ ಹಿಮಾಚಲ ಪ್ರದೇಶದ ಸಾಂಗ್ಲಾದಲ್ಲಿ ಮುಗಿಯುತ್ತದೆ. ನಡಿಗೆ ಸುಮಾರು 50 ಕಿಲೋಮೀಟರ್, ಪಾಸ್‌ನ ಎತ್ತರ ಸುಮಾರು 4,650 ಮೀಟರ್, ನಡೆಯುವ ದಿನಗಳು ಏಳೆಂಟು. ಹಂಪ್ಟಾ ಚಾರಣವು ಮನಾಲಿಯ ಮೇಲಿನ ಜೋಬ್ರಾದಿಂದ ಹೊರಟು ಲಾಹೌಲ್ ಪ್ರದೇಶದ ಛತ್ರುವಿನಲ್ಲಿ ರಸ್ತೆಗೆ ಇಳಿಯುತ್ತದೆ. ಅದರ ದೂರ ರೂಪಿನ್‌ನ ಅರ್ಧದಷ್ಟು, ಪಾಸ್‌ನ ಎತ್ತರ ಸುಮಾರು 4,270 ಮೀಟರ್, ದಿನಗಳು ನಾಲ್ಕೈದು. ಇಷ್ಟನ್ನು ಮಾತ್ರ ಓದಿದರೆ ಒಂದು ಚಿಕ್ಕದು ಮತ್ತು ಸುಲಭದ್ದು, ಇನ್ನೊಂದು ದೊಡ್ಡದು ಮತ್ತು ಕಷ್ಟದ್ದು ಎಂದು ತೋರುತ್ತದೆ, ಹೆಚ್ಚಿನವರು ಆಯ್ಕೆ ಮಾಡುವುದೂ ಹಾಗೆಯೇ. ಆದರೆ ಸಮುದ್ರಮಟ್ಟದಲ್ಲೇ ಹುಟ್ಟಿ ಬೆಳೆದು, ಅಲ್ಲಿಯೇ ಮಲಗಿ ಏಳುವ ನಮ್ಮಂಥವರು ನೋಡಬೇಕಾದ ಅಂಕಿ ಇವುಗಳಲ್ಲಿ ಯಾವುದೂ ಅಲ್ಲವೆಂದು ನನಗೆ ಮನವರಿಕೆಯಾದದ್ದು, ಎರಡೂ ಚಾರಣಗಳ ಪ್ರತಿಯೊಂದು ರಾತ್ರಿಯ ತಂಗುದಾಣದ ಎತ್ತರವನ್ನು ಒಂದೇ ಹಾಳೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದುಕೊಂಡಾಗ.

ರೂಪಿನ್‌ನ ಸಾಲು ಹೀಗಿತ್ತು: ಧೌಲಾ 1,550 ಮೀಟರಿನ ಆಸುಪಾಸು, ನಂತರ ಸೇವಾ, ಬಂಡೆಯ ಅಂಚಿಗೆ ಅಂಟಿಕೊಂಡಂತಿರುವ ಕೊನೆಯ ಹಳ್ಳಿ ಜಾಖಾ ಸುಮಾರು 2,700, ಮುಂದಿನ ಬಿಡಾರ 3,100, ದೊಡ್ಡ ಜಲಪಾತದ ಕೆಳಗಿನ ಧಂಡೇರಸ್ ಥಾಚ್ 3,500ರ ಮೇಲೆ, ಜಲಪಾತದ ನೆತ್ತಿಯಲ್ಲಿ 4,000, ಬಳಿಕ ರತಿ ಫೇರಿ, ಆಮೇಲೆ ಪಾಸ್. ಹಂಪ್ಟಾದ ಸಾಲು: ಮನಾಲಿ 2,050, ಮರುದಿನವೇ ಚೀಕಾದಲ್ಲಿ 3,100, ಅದರ ಮರುದಿನ ಬಾಲು ಕಾ ಘೇರಾದಲ್ಲಿ 3,600, ಮೂರನೆಯ ದಿನ 4,270 ಮೀಟರಿನ ಪಾಸ್ ದಾಟಿ ಸಿಯಾಗೋರುವಿನಲ್ಲಿ 3,900. ಉದ್ದದ ಚಾರಣವು ಸಾವಕಾಶವಾಗಿ ಏರುತ್ತದೆ, ಗಿಡ್ಡ ಚಾರಣವು ಆತುರದಿಂದ ಏರುತ್ತದೆ. ಬಸ್ಸಿನಿಂದ ಇಳಿದ ಮರುದಿನವೇ ನಡಿಗೆ ಶುರುಮಾಡಿದವರು ಮನಾಲಿ ಬಿಟ್ಟ ಮೂರನೆಯ ದಿನ ಎರಡು ಸಾವಿರ ಮೀಟರಿಗಿಂತಲೂ ಮೇಲೆ ಏರಿರುತ್ತಾರೆ.

ಎತ್ತರದಲ್ಲಿ ಗಾಳಿಯಲ್ಲಿರುವ ಆಮ್ಲಜನಕದ ಪ್ರಮಾಣ ಕಡಿಮೆಯಾಗುವುದಿಲ್ಲ, ಅದು ಎಲ್ಲೆಡೆ ಶೇ. 21ರಷ್ಟೇ ಇರುತ್ತದೆ. ಕಡಿಮೆಯಾಗುವುದು ಗಾಳಿಯ ಒತ್ತಡ. ಹಂಪ್ಟಾದಲ್ಲಿಯೂ ರೂಪಿನ್‌ನಲ್ಲಿಯೂ ಅದು ಸಮುದ್ರಮಟ್ಟದ ಶೇ. 60ರ ಆಸುಪಾಸಿನಲ್ಲೇ ಇರುವುದರಿಂದ, ನಮ್ಮ ಶ್ವಾಸಕೋಶದ ಮಟ್ಟಿಗೆ ಎರಡು ಪಾಸ್‌ಗಳ ನಡುವಿನ ವ್ಯತ್ಯಾಸ ಸಣ್ಣದು. ಅಲ್ಲಿಗೆ ಮುಟ್ಟುವ ವೇಗವೇ ದೊಡ್ಡ ವ್ಯತ್ಯಾಸ. ಮೇಲೇರಿದಂತೆ ನಾವು ಹೆಚ್ಚು ಹೆಚ್ಚು ಉಸಿರಾಡುತ್ತೇವೆ, ಅದರಿಂದ ರಕ್ತದಲ್ಲಿ ಕ್ಷಾರದ ಅಂಶ ಹೆಚ್ಚುತ್ತದೆ, ಆ ಏರುಪೇರನ್ನು ಸರಿಪಡಿಸಲು ಮೂತ್ರಪಿಂಡಗಳಿಗೆ ಕೆಲವು ದಿನಗಳು ಬೇಕು. ಈ ಕೆಲಸವನ್ನು ಓಟದ ಅಭ್ಯಾಸವಾಗಲಿ, ಯೋಗಾಭ್ಯಾಸವಾಗಲಿ, ತಾರುಣ್ಯವಾಗಲಿ ಬೇಗ ಮಾಡಿಸಲಾರದು. ಆದ್ದರಿಂದಲೇ 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ರಾತ್ರಿ ಅಲ್ಲಿಯೇ ಉಳಿಯಬೇಕು ಎಂದು ಪರ್ವತ ವೈದ್ಯಕೀಯದ ತಿಳಿವಳಿಕೆಯುಳ್ಳವರು ಹೇಳುತ್ತಾರೆ. ಅಸೆಟಜೋಲಮೈಡ್ ಮಾತ್ರೆ ಈ ಹೊಂದಾಣಿಕೆಯನ್ನು ಚುರುಕುಗೊಳಿಸುತ್ತದೆ. ಆದರೆ ಸಲ್ಫಾ ಔಷಧಿಗಳ ಅಲರ್ಜಿ ಇರುವವರು ಅದರ ಬಗ್ಗೆ ಎಚ್ಚರದಿಂದಿರಬೇಕು. ನಾವು ನಮ್ಮ ವೈದ್ಯರನ್ನು ಕಂಡು, ಅವರು ಬರೆದುಕೊಟ್ಟ ಪ್ರಮಾಣದಲ್ಲಿ ಮಾತ್ರ ಅದನ್ನು ಜೊತೆಗೆ ಒಯ್ದೆವು.

ಹಾಗಾದರೆ ಸಾವಕಾಶವಾಗಿ ಏರುವ ರೂಪಿನ್ ಅನ್ನೇ ಆರಿಸಬೇಕಿತ್ತಲ್ಲವೇ ಎಂದು ಯಾರಾದರೂ ಕೇಳಬಹುದು. ಹಾಳೆಯಲ್ಲಿ ನಾನು ಇನ್ನೊಂದು ಸಾಲನ್ನೂ ಬರೆದಿದ್ದೆ: ಯಾವ ಬಿಡಾರದಲ್ಲಿ ಕಾಯಿಲೆ ಬಿದ್ದರೆ ಎಷ್ಟು ಹೊತ್ತಿನಲ್ಲಿ ರಸ್ತೆಗೆ ಇಳಿಯಬಹುದು ಎಂಬುದು. ಬಾಲು ಕಾ ಘೇರಾದಿಂದ ಬಂದ ದಾರಿಯಲ್ಲೇ ಹಿಂತಿರುಗಿದರೆ ಕೆಲವೇ ಗಂಟೆಗಳಲ್ಲಿ ಜೋಬ್ರಾ, ಅಲ್ಲಿಂದ ಜೀಪಿನಲ್ಲಿ ಮನಾಲಿ. ರೂಪಿನ್ ಜಲಪಾತದ ಮೇಲಿನ ಬಿಡಾರದಿಂದಾದರೆ ಮೊದಲು ಆ ಕಡಿದಾದ ಇಳಿಜಾರು, ನಂತರ ಜಾಖಾ ತನಕ ದೀರ್ಘ ನಡಿಗೆ, ಆಮೇಲೆ ಇನ್ನೂ ಕೆಳಗೆ ರಸ್ತೆ, ದೊಡ್ಡ ಆಸ್ಪತ್ರೆ ಬೇಕೆಂದರೆ ಡೆಹ್ರಾಡೂನ್. ಪಾಸ್‌ಗೆ ಏರುವ ಕೊನೆಯ ಕೊರಕಲು ಇನ್ನೊಂದು ಸಮಸ್ಯೆ. ಮೇ-ಜೂನ್‌ನಲ್ಲಿ ಅಲ್ಲಿ ಗಟ್ಟಿ ಹಿಮವಿರುತ್ತದೆ, ಗೈಡ್ ಕಡಿದುಕೊಟ್ಟ ಮೆಟ್ಟಿಲಿನ ಮೇಲೆ ಶೂವಿನಡಿಗೆ ಸ್ಪೈಕ್ ಎಂಬ ಲೋಹದ ಮುಳ್ಳುಗಳನ್ನು ಕಟ್ಟಿಕೊಂಡು ಹೆಜ್ಜೆಯಿಡಬೇಕು. ಮಳೆಗಾಲ ಮುಗಿದ ಮೇಲೆ ಹಿಮ ಕರಗಿ, ಕಾಲಿಟ್ಟಲ್ಲಿ ಜಾರುವ ಸಡಿಲ ಕಲ್ಲುಗಳು ಉಳಿದಿರುತ್ತವೆ. ಎತ್ತರದಲ್ಲಿ ತನ್ನ ದೇಹ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಒಮ್ಮೆಯೂ ಕಂಡಿರದವರು, ಹಿಂದಿರುಗುವ ದಾರಿ ಅಷ್ಟು ಉದ್ದವಿರುವ ಕಡೆಯಲ್ಲಿ ಅದನ್ನು ಮೊದಲ ಬಾರಿಗೆ ಪರೀಕ್ಷಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ನಾವು ಹಂಪ್ಟಾವನ್ನೇ ಆರಿಸಿದೆವು, ಆದರೆ ಅದಕ್ಕೆ ರೂಪಿನ್‌ನ ನಿಧಾನವನ್ನು ಸೇರಿಸಿದೆವು. ಮನಾಲಿಯಿಂದ ಜೋಬ್ರಾಗೆ ಹೋಗುವ ರಸ್ತೆಯಲ್ಲೇ, ಪ್ರೀಣಿಯ ಮೇಲೆ ಸುಮಾರು 2,700 ಮೀಟರ್ ಎತ್ತರದಲ್ಲಿ ಸೇಥನ್ ಎಂಬ ಪುಟ್ಟ ಬೌದ್ಧ ಹಳ್ಳಿಯಿದೆ. ಮನಾಲಿಯಲ್ಲಿ ವಿಶ್ರಾಂತಿ ಪಡೆದ ಮೇಲೆ ಅಲ್ಲಿಯೂ ತಂಗಿ, ನಂತರ ಚೀಕಾಕ್ಕೆ ನಡೆಯುವುದೆಂದೂ, ಬಾಲು ಕಾ ಘೇರಾದಲ್ಲಿ ಬೇಕಾದರೆ ಇನ್ನೊಂದು ರಾತ್ರಿ ಉಳಿಯುವುದೆಂದೂ ಗೈಡ್ ಜೊತೆ ಮೊದಲೇ ಮಾತಾಡಿಕೊಂಡೆವು. ಸಿದ್ಧ ಕಾರ್ಯಕ್ರಮದ ಗುಂಪಿನಲ್ಲಿ ಇಂಥ ಬದಲಾವಣೆಗೆ ಅವಕಾಶ ಕಡಿಮೆ. ನಾವು ಖರ್ಚು ತುಸು ಹೆಚ್ಚಾದರೂ ನಮ್ಮಿಬ್ಬರಿಗೇ ಗೈಡ್ ಗೊತ್ತುಮಾಡಿಕೊಂಡದ್ದು ಇದೇ ಕಾರಣಕ್ಕೆ. ನನ್ನ ದಸರಾ ರಜೆ ಆ ವರ್ಷ ಸೆಪ್ಟೆಂಬರ್ ಕೊನೆಗೆ ಬಂದದ್ದರಿಂದ ಹೊಳೆಗಳ ನೀರು ಇಳಿದಿರುವ, ಆಕಾಶ ತಿಳಿಯಾಗಿರುವ ಕಾಲವೇ ನಮಗೆ ಸಿಕ್ಕಿತು. ಗಿಡ್ಡ ಚಾರಣ ಆರಿಸಿಕೊಂಡದ್ದರಿಂದಲೇ ಈ ಹೆಚ್ಚುವರಿ ರಾತ್ರಿಗಳು ರಜೆಯೊಳಗೆ ಹಿಡಿದವು.

ತಯಾರಿಗೆ ನಮ್ಮ ಊರು ಕೆಲವು ವಿಷಯಗಳಲ್ಲಿ ಬಹಳ ಒಳ್ಳೆಯದು, ಕೆಲವು ವಿಷಯಗಳಲ್ಲಿ ಏನೂ ಒದಗಿಸಲಾರದು. ಎತ್ತರಕ್ಕೂ ಚಳಿಗೂ ಇಲ್ಲಿ ತಯಾರಿ ಸಾಧ್ಯವಿಲ್ಲ. ಆದರೆ ಮೊಣಕಾಲಿಗೆ ಪಶ್ಚಿಮ ಘಟ್ಟಕ್ಕಿಂತ ಮಿಗಿಲಾದ ಪರೀಕ್ಷೆ ಬೇರೆ ಬೇಕಿಲ್ಲ. ವಾರದ ದಿನಗಳಲ್ಲಿ ನಾನು ಮಣಿಪಾಲದ ಮಣ್ಣಪಳ್ಳದ ಸುತ್ತ ಬೆನ್ನಿಗೆ ಚೀಲ ಹಾಕಿಕೊಂಡು ಬಿರುಸಾಗಿ ನಡೆಯುತ್ತಿದ್ದೆ, ಚೀಲದಲ್ಲಿ ನೀರು ತುಂಬಿದ ಬಾಟಲಿಗಳು. ಮಳೆ ಬರುವ ಮೊದಲೇ ಬೆಳ್ತಂಗಡಿಯ ಗಡಾಯಿಕಲ್ಲಿನ ಮೆಟ್ಟಿಲುಗಳನ್ನು ಇಬ್ಬರೂ ಹತ್ತಿ ಇಳಿದಿದ್ದೆವು. ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಕುಕ್ಕೆ ಕಡೆಯಿಂದ ಏರಿದ ಕುಮಾರ ಪರ್ವತ. ಅದರ ಎತ್ತರ 1,712 ಮೀಟರ್ ಮಾತ್ರ. ಆದರೆ ಬುಡ ಬಹಳ ತಗ್ಗಿನಲ್ಲಿರುವುದರಿಂದ ಅಲ್ಲಿ ಏರಬೇಕಾದ ಎತ್ತರ ಹಂಪ್ಟಾದ ಯಾವ ಒಂದು ದಿನದ ಏರಿಗಿಂತಲೂ ಹೆಚ್ಚು. ಅದರ ಇಳಿಜಾರಿನಲ್ಲಿ ಬೆರಳುಗಳು ಶೂವಿನ ಮುಂಭಾಗಕ್ಕೆ ಬಡಿಯದಿದ್ದರೆ ಆ ಶೂ ಹಿಮಾಲಯಕ್ಕೂ ಆದೀತು. ಬೆವರಿನ ವಿಷಯವನ್ನೂ ಇಲ್ಲಿ ಹೇಳಬೇಕು. ಕರಾವಳಿಯಲ್ಲಿ ಹತ್ತಿ ಬಟ್ಟೆ ನಮಗೆ ಸ್ವಭಾವವೇ ಆಗಿಬಿಟ್ಟಿದೆ. ಎತ್ತರದಲ್ಲಿ ಬೆವರಿಗೆ ತೊಯ್ದ ಹತ್ತಿ ಮೈಯ ಶಾಖವನ್ನೆಲ್ಲ ಹೀರಿಬಿಡುತ್ತದೆ, ಆದ್ದರಿಂದ ಬೇಗ ಒಣಗುವ ಸಿಂಥೆಟಿಕ್ ಒಳ ಅಂಗಿ, ಅದರ ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ ಎಂಬ ಪದರಗಳ ಕ್ರಮವನ್ನು ಇಬ್ಬರೂ ಕಲಿತುಕೊಂಡೆವು.

ಸೇಥನ್‌ನಲ್ಲಿ ಇಬ್ಬರೂ ಚೆನ್ನಾಗಿಯೇ ಇದ್ದೆವು, ಚೀಕಾದಲ್ಲಿಯೂ ತೊಂದರೆಯಾಗಲಿಲ್ಲ. ಲಾಹೌಲಿನ ಹುಲ್ಲುಗಾವಲುಗಳಿಂದ ತಮ್ಮ ಕುರಿಮಂದೆಗಳನ್ನು ಕೆಳಗೆ ಹೊಡೆದುಕೊಂಡು ಬರುತ್ತಿದ್ದ ಗದ್ದಿ ಕುರಿಗಾಹಿಗಳು ದಾರಿಯಲ್ಲಿ ಎದುರಾಗುತ್ತಿದ್ದರು. ಒಂದು ಮಂದೆ ಪೂರ್ತಿ ದಾಟುವ ತನಕ ಬಂಡೆಗೆ ಒರಗಿ ನಿಲ್ಲಬೇಕಾಗುತ್ತಿತ್ತು. ಬಾಲು ಕಾ ಘೇರಾ ತಲುಪಿದ ಸಂಜೆ ತಂಗಿಯ ಮಗಳು ಊಟದ ಟೆಂಟಿಗೆ ಬಂದು ಕುಳಿತವಳು ತಟ್ಟೆಯಲ್ಲಿದ್ದ ರಾಜ್ಮಾ ಅನ್ನವನ್ನು ಚಮಚದಿಂದ ಆಚೀಚೆ ಸರಿಸುತ್ತಲೇ ಇದ್ದಳು, ಬಾಯಿಗೆ ಹಾಕಲಿಲ್ಲ. ಕೇಳಿದರೆ "ಏನೂ ಇಲ್ಲ ದೊಡ್ಡಮ್ಮ, ಬಿಸಿಲಿಗೆ ತಲೆ ಸ್ವಲ್ಪ ನೋಯುತ್ತಾ ಉಂಟು" ಎಂದಳು. ನಡಿಗೆಯುದ್ದಕ್ಕೂ ನನಗಿಂತ ಬಹಳ ಮುಂದೆ ಇದ್ದವಳು ಅವಳು. ತಲೆನೋವಿನ ಜೊತೆಗೆ ಹಸಿವಿಲ್ಲದಿರುವುದು, ವಾಕರಿಕೆ, ಅತಿಯಾದ ಸುಸ್ತು, ತಲೆಸುತ್ತು ಇವುಗಳಲ್ಲಿ ಒಂದಾದರೂ ಇದ್ದರೆ, ಬೇರೆ ಕಾರಣ ಖಚಿತವಾಗುವವರೆಗೆ ಅದನ್ನು ಎತ್ತರದ ಕಾಯಿಲೆ ಎಂದೇ ತಿಳಿಯಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನಮ್ಮಲ್ಲಿತ್ತು, ಅವಳದ್ದೂ ನನ್ನದ್ದೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಿತು. ಆ ಅಂಕಿಯನ್ನು ನಂಬಿದ್ದರೆ ಬೆಳಿಗ್ಗೆ ಹೊರಡುತ್ತಿದ್ದೆವು. ಗೈಡ್ ಅದನ್ನು ಬದಿಗಿಟ್ಟು, ಅವಳ ತಟ್ಟೆಯನ್ನು ನೋಡಿ, ಮರುದಿನ ಪಾಸ್ ಇಲ್ಲ ಎಂದು ತೀರ್ಮಾನಿಸಿದರು. ಅವಳನ್ನು ಹಿಮ್ಮಡಿಗೆ ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ನಡೆಸಿ ನೋಡಿದರು. ಹೆಜ್ಜೆ ತಪ್ಪಿದ್ದರೆ ಆ ರಾತ್ರಿಯೇ ಕೆಳಗಿಳಿಯಬೇಕಾಗುತ್ತಿತ್ತು, ಏಕೆಂದರೆ ಅದು ಮಿದುಳಿನ ಊತದ ಲಕ್ಷಣ. ಹೆಜ್ಜೆ ನೆಟ್ಟಗಿತ್ತು.

ಮರುದಿನ ಬೆಳಿಗ್ಗೆ ಅವಳ ತಲೆನೋವು ಇಳಿದಿತ್ತು. ಮಧ್ಯಾಹ್ನದ ಮೇಲೆ ಬಿಡಾರದಿಂದ ಸ್ವಲ್ಪ ಮೇಲೆ ಏರಿ, ಕುಳಿತು, ಮತ್ತೆ ಮಲಗಲು ಕೆಳಗೆ ಬಂದೆವು. ರಾತ್ರಿ ಅವಳು ಎರಡು ಸಲ ಬಡಿಸಿಕೊಂಡು ಉಂಡಳು. ಮೊದಲೇ ಕಾದಿರಿಸಿದ ಆ ರಾತ್ರಿ ಇಲ್ಲದಿದ್ದರೆ ಅವಳು ಒಂದೋ ನೋವು ಮುಚ್ಚಿಟ್ಟು ಪಾಸ್ ಹತ್ತುತ್ತಿದ್ದಳು, ಇಲ್ಲವೇ ಇಬ್ಬರೂ ಜೋಬ್ರಾಗೆ ಮರಳುತ್ತಿದ್ದೆವು.

ಪಾಸ್ ದಾಟುವ ದಿನ ಬೆಳಕು ಹರಿಯುವ ಹೊತ್ತಿಗೆ ಹೊರಟು ಸಂಜೆಯ ಹೊತ್ತಿಗೆ ಸಿಯಾಗೋರು ಮುಟ್ಟಿದೆವು. ಹಿಮನದಿ ಉಳಿಸಿಹೋದ ಕಲ್ಲುಗುಡ್ಡೆಗಳ ನಡುವೆ ಏರುತ್ತಾ ಹೋದಂತೆ ದೇವ್ ತಿಬ್ಬಾ ಮತ್ತು ಇಂದ್ರಾಸನ್ ಶಿಖರಗಳು ಕಾಣಿಸಿಕೊಂಡವು. ಪಾಸ್‌ನ ಈಚೆಗೆ ಕುಲ್ಲು ಕಡೆಯ ಹಸಿರು, ಆಚೆಗೆ ಮಳೆಯ ಮರೆಯಲ್ಲಿರುವ ಲಾಹೌಲಿನ ಬೋಳು ಬೆಟ್ಟಗಳು. ಆಗುಂಬೆ ಘಾಟಿ ಹತ್ತಿ ಮಲೆನಾಡು ಹೊಕ್ಕ ಮೇಲೆ ಮೆಲ್ಲಮೆಲ್ಲನೆ ಬಯಲುಸೀಮೆ ಕಾಣುವುದಕ್ಕೆ ಅರ್ಧ ದಿನದ ಬಸ್ಸು ಪ್ರಯಾಣ ಬೇಕು, ಅಲ್ಲಿ ಹತ್ತೇ ಹೆಜ್ಜೆ ಸಾಕು. ಏರಿಗಿಂತ ಇಳಿತವೇ ಕಠಿಣವಾಗಿತ್ತು. ಜಾರುಗಲ್ಲಿನ ಕಡಿದಾದ ಇಳಿಜಾರಿನಲ್ಲಿ ಎರಡು ವಾಕಿಂಗ್ ಪೋಲ್ ಇಲ್ಲದಿದ್ದರೆ ನನ್ನ ಮೊಣಕಾಲು ಒಪ್ಪುತ್ತಿರಲಿಲ್ಲ. ಸಿಯಾಗೋರುವಿನ ಹೊಳೆಯನ್ನು ಮರುದಿನ ಮುಂಜಾನೆಯೇ ದಾಟಿದೆವು, ಏಕೆಂದರೆ ಬಿಸಿಲೇರಿದಂತೆ ಮೇಲಿನ ಹಿಮ ಕರಗಿ ಮಧ್ಯಾಹ್ನಕ್ಕೆ ನೀರು ಏರುತ್ತದೆ. ಶೂ ಬಿಚ್ಚಿ ಕುತ್ತಿಗೆಗೆ ನೇತುಹಾಕಿಕೊಂಡು, ಸ್ಯಾಂಡಲ್ ಹಾಕಿ, ಒಬ್ಬರ ತೋಳಿಗೆ ಒಬ್ಬರು ತೋಳು ಸಿಕ್ಕಿಸಿ, ಪ್ರವಾಹದ ಕಡೆಗೆ ಮುಖಮಾಡಿ ಪಕ್ಕಕ್ಕೆ ಹೆಜ್ಜೆಯಿಡುತ್ತಾ ದಾಟಬೇಕು. ಆಚೆ ದಡಕ್ಕೆ ಬಂದ ಮೇಲೆ ಪಾದಗಳಿಗೆ ಸ್ಪರ್ಶ ಮರಳಲು ಬಹಳ ಹೊತ್ತು ಬೇಕಾಯಿತು. ಅಲ್ಲಿಂದ ಚಂದ್ರಾ ನದಿಯ ದಂಡೆಯಲ್ಲಿರುವ ಛತ್ರುವಿಗೆ ಇಳಿದರೆ ರಸ್ತೆ. 2020ರಲ್ಲಿ ತೆರೆದ ಅಟಲ್ ಸುರಂಗ ಇರುವುದರಿಂದ ಮನಾಲಿಗೆ ಮರಳಲು ಈಗ ರೋಹ್ತಾಂಗ್ ಪಾಸ್ ಏರಬೇಕಿಲ್ಲ.

ಈಗ ರೂಪಿನ್‌ನ ಹಾಳೆಯನ್ನು ಮತ್ತೆ ಎತ್ತಿಕೊಂಡಿದ್ದೇವೆ. ತಂಗಿಯ ಮಗಳಿಗೆ 3,600 ಮೀಟರಿನ ಸುತ್ತಮುತ್ತ ಒಂದು ದಿನ ಹೆಚ್ಚು ಬೇಕು ಎಂಬುದು ತಿಳಿದಿರುವುದರಿಂದ ಧಂಡೇರಸ್ ಥಾಚ್‌ನಲ್ಲಿ ಎರಡು ರಾತ್ರಿ ಉಳಿಯುವ, ನನ್ನ ಮೊಣಕಾಲಿಗಾಗಿ ಸಾಂಗ್ಲಾ ಕಡೆಯ ದೀರ್ಘ ಇಳಿತವನ್ನು ಎರಡು ದಿನಗಳಿಗೆ ಹಂಚುವ ಯೋಜನೆ ಮಾಡಿದ್ದೇವೆ. ಚಾರಣ ಒಂದು ರಾಜ್ಯದಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುವುದರಿಂದ ಹೆಚ್ಚುವರಿ ಸಾಮಾನನ್ನು ಡೆಹ್ರಾಡೂನ್‌ನಲ್ಲಿ ಬಿಡುವ ಹಾಗಿಲ್ಲ, ಹೊರುವಷ್ಟನ್ನೇ ಒಯ್ಯಬೇಕು. ಕೊರಕಲಿನಲ್ಲಿ ಸಡಿಲ ಕಲ್ಲಿಗಿಂತ ಗಟ್ಟಿ ಹಿಮವೇ ವಾಸಿ ಎಂದು ನನಗೆ ಅನ್ನಿಸಿರುವುದರಿಂದ ದಸರೆಯನ್ನು ಬಿಟ್ಟು ಮೇ ಕೊನೆಯನ್ನು ನೋಡುತ್ತಿದ್ದೇವೆ. ಕಾಲೇಜಿನ ಪರೀಕ್ಷಾ ವೇಳಾಪಟ್ಟಿ ಹೊರಬಿದ್ದ ದಿನ ಗೈಡ್‌ಗೆ ಫೋನ್ ಮಾಡುವುದೆಂದು ಮಾತಾಗಿದೆ.